ಅಳತೆ ತೆಗೆದುಕೊಂಡವನು ಹೊಲಿದೇ ಹೊಲಿಯುತ್ತಾನೆ

ಸಾಗರದ ಪೇಟೆಯಲ್ಲಿ ಇನಾಸನನ್ನು ಇನಾಸ ಎಂದು ಕರೆಯುವವರು ಕಡಿಮೆ. ‘ನಾಳೆ ಟೈಲರ್ ಅಂಗಡಿ ಎಲ್ಲಿ’ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಹಮಾಲಿಯೂ ಕೈ ತೋರಿಸುತ್ತಿದ್ದ. ಹೊಲಿಗೆಯಲ್ಲಿ ಇನಾಸನನ್ನು ಮೀರಿಸುವವರಿರಲಿಲ್ಲ. ಆದರೆ ಕೇಳಿದವರಿಗೆಲ್ಲ ‘ನಾಳೆ ಬಾ’ ಎನ್ನುವ ಅವನ ಹತ್ತಿರ ಕೂಸಿನ ಅಂಗಿಗೆ ಬಟ್ಟೆ ಕೊಟ್ಟರೆ ಅದನ್ನು ತೊಡಲು ಆ ಕೂಸಿನ ತಮ್ಮ ಹುಟ್ಟಬೇಕು ಎಂದು ಜನ ಆಡಿಕೊಳ್ಳುತ್ತಿದ್ದರು.

ಇಂಥವನ ಅಂಗಡಿಗೆ ಡಿಸೆಂಬರಿನಲ್ಲಿ ಒಂದು ದಿನ ಇಗರ್ಜಿಯ ಪಾದ್ರಿಗಳೇ ಬಂದರು. ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದ ಮಾಸ್ತರಿಗೆ ತೀರ್ಥಹಳ್ಳಿಗೆ ವರ್ಗವಾಗಿತ್ತು. ಕ್ರಿಸ್‌ಮಸ್ಸಿಗೆ ಮುಂಚಿನ ಕೊನೆಯ ಭಾನುವಾರ ಮಕ್ಕಳಿಗೆ ತಾಳ್ಮೆಯನ್ನೂ ದೇವರಲ್ಲಿ ಭರವಸೆ ಇಡುವುದನ್ನೂ ಕಲಿಸಬೇಕಿತ್ತು.

“ಈ ಊರಿಗೆ ತಾಳ್ಮೆ ಕಲಿಸಿದವರು ನಿಮ್ಮನ್ನು ಬಿಟ್ರೆ ಇನ್ಯಾರಿದ್ದಾರೆ ಇನಾಸ್?” ಎಂದರು ಪಾದ್ರಿಗಳು, ಗೋಡೆಯ ಗೂಟದ ಕಡೆ ನೋಡುತ್ತ. ಈಸ್ಟರ್ ಹಬ್ಬಕ್ಕೆಂದು ಅವರು ಕೊಟ್ಟ ನಿಲುವಂಗಿಯ ಬಟ್ಟೆ ಇನ್ನೂ ಅಲ್ಲೇ ನೇತಾಡುತ್ತಿತ್ತು.

ಇನಾಸನಿಗೆ ಆ ಚುಚ್ಚುಮಾತು ತಾಗಲಿಲ್ಲ. ಪಾದ್ರಿಗಳು ಮುಂದೆ ಹೇಳಿದ ಮಾತಿನಲ್ಲೇ ಅವನ ಮನಸ್ಸು ನೆಟ್ಟಿತ್ತು. ಆ ಭಾನುವಾರ ಇನಾಸ ಪಾಠ ಹೇಳಬೇಕೆಂದೂ, ಸಂಜೆ ತಾವೇ ಬಂದು ಮಕ್ಕಳನ್ನು ಕೇಳುವುದಾಗಿಯೂ, ಅವರು ಪಾಠ ಕಲಿತಿದ್ದರೆ ಇನ್ನು ಮುಂದೆ ಇನಾಸನೇ ಮಾಸ್ತರನೆಂದೂ ಅವರು ಹೇಳಿದ್ದರು. ಹೆಂಡತಿ ಸೆವ್ರಿನಳಿಗೆ ಅವನು ರಾತ್ರಿ ಊಟಕ್ಕೆ ಕೂತಾಗ ಅಂದ, “ಹಬ್ಬದ ಹೊತ್ತಿಗಾದ್ರೂ ಈ ಊರು ನನ್ನನ್ನ ಮಾಸ್ತರೇ ಅಂತ ಕರೀಬೇಕು ಕಣೆ.”

“ಮೊದ್ಲು ಆ ಮಕ್ಕಳ ಹಬ್ಬದ ಬಟ್ಟೆ ಹೊಲೀರಿ,” ಎಂದಳು ಸೆವ್ರಿನ್.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಪಾದ್ರಿಗಳು ತೀರ್ಥಹಳ್ಳಿಯಲ್ಲಿ ಇನ್ನೊಂದು ಪೂಜೆ ಇದೆಯೆಂದು ಮೋಟಾರ್ ಸೈಕಲ್ಲಿನಲ್ಲಿ ಹೊರಟರು. ಇನಾಸ ಮಕ್ಕಳನ್ನು ಇಗರ್ಜಿಯ ಜಗಲಿಯಲ್ಲಿ ಸಾಲಾಗಿ ಕೂರಿಸಿದ. ಎಲ್ಲರೂ ಹತ್ತು ಹನ್ನೆರಡು ವರ್ಷದವರು. ಎಲ್ಲರ ಹಬ್ಬದ ಬಟ್ಟೆಯೂ ಅವನ ಅಂಗಡಿಯಲ್ಲೇ ಇತ್ತು, ಥಾನಿನಿಂದ ಹರಿದು ತಂದ ಹಾಗೆಯೇ, ಕತ್ತರಿ ಕೂಡ ಕಾಣದೆ.

ಪಾಠ ಸುರುವಾಗುತ್ತಿದ್ದಂತೆ ಎಮಿಲಿಯಾ ಎಂಬ ಜಡೆ ಹುಡುಗಿ ಎದ್ದು ನಿಂತು, ಬೇಡಿದ್ದನ್ನು ದೇವರು ಕೂಡಲೇ ಯಾಕೆ ಕೊಡುವುದಿಲ್ಲ ಎಂದು ಕೇಳಿದಳು. ಇನಾಸ ತನಗೆ ಗೊತ್ತಿದ್ದ ದಾರಿಯಲ್ಲೇ ಹೋದ.

“ನೋಡು ಮಗಾ, ದೇವರು ಅಂದ್ರೆ ಒಬ್ಬ ದೊಡ್ಡ ಟೈಲರ್. ನಿನ್ನ ಅಳತೆ ಅವನ ಹತ್ರ ಇದೆ, ಬಟ್ಟೆನೂ ಇದೆ. ದಿನಾ ಹೋಗಿ ಆಯ್ತಾ ಆಯ್ತಾ ಅಂತ ಕೇಳಿದ್ರೆ ಅವನ ಕೈ ತಪ್ಪುತ್ತೆ. ಅಳತೆ ತಗೊಂಡವನು ಹೊಲಿದೇ ಹೊಲೀತಾನೆ ಅಂತ ನಂಬಿ ಸುಮ್ನೆ ಕೂರಬೇಕು. ಅದೇ ತಾಳ್ಮೆ, ಅದೇ ಭರವಸೆ.”

“ದೇವರೂ ನಾಳೆ ಬಾ ಅಂತಾನಾ ಮಾಸ್ತರೇ?” ಎಂದಳು ಎಮಿಲಿಯಾ.

ಅಷ್ಟರಲ್ಲಿ ಹೊಸನಗರ ಬಸ್ಸಿನ ಕಂಡಕ್ಟರ್ ಕನ್ನಪ್ಪ ಗೇಟಿನ ಹತ್ತಿರ ಪ್ರತ್ಯಕ್ಷನಾದ. ಇನಾಸನಿಗೆ ಮದುವೆ ಕೋಟು ಹೊಲಿಯಲು ಕೊಟ್ಟಿದ್ದ ಹೊಸನಗರದ ಗುತ್ಯಪ್ಪನವರು ಹೇಳಿ ಕಳಿಸಿದ್ದರು. ಅವರ ಮಗನ ಮದುವೆ ನಾಳೆ ಕೋಣಂದೂರಿನಲ್ಲಿ, ದಿಬ್ಬಣ ಹೊರಡುವುದು ಇವತ್ತು ಮಧ್ಯಾಹ್ನ. “ಕೋಟು ಬರದಿದ್ರೆ ಮದುಮಗ ಬನಿಯನ್‌ನಲ್ಲೇ ತಾಳಿ ಕಟ್ತಾನಂತೆ. ಯಾಕೆ ಅಂತ ಕೇಳಿದೋರಿಗೆಲ್ಲ ನಿಮ್ಮ ಹೆಸರು ಹೇಳ್ತಾರಂತೆ,” ಎಂದ ಕನ್ನಪ್ಪ.

ಇನಾಸ ಗಡಿಬಿಡಿಯಿಂದ ಚಪ್ಪಲಿ ಮೆಟ್ಟಿದ. ಕೋಟೇನೋ ಮುಗಿದಿತ್ತು, ಗುಂಡಿ ಹಚ್ಚುವುದಷ್ಟೇ ಬಾಕಿ. ಮಕ್ಕಳ ಕಡೆ ತಿರುಗಿ, “ಈಗ ನೋಡಿ, ಇದೇ ಪರೀಕ್ಷೆ. ನಾನು ಬರೋ ತನಕ ಯಾರೂ ಏಳಬಾರದು. ಈಗ ಬಂದೆ,” ಎಂದವನೇ ಅಂಗಡಿಗೆ ಓಡಿದ.

ಕೋಟನ್ನೂ ಗುಂಡಿಗಳನ್ನೂ ಕನ್ನಪ್ಪನ ಕೈಗಿತ್ತು ವಾಪಸು ಬರುವುದು ಅವನ ಉಪಾಯವಾಗಿತ್ತು. ಕನ್ನಪ್ಪ ಒಪ್ಪಲಿಲ್ಲ. ಹಿಂದೊಮ್ಮೆ ಇನಾಸ ಕೊಟ್ಟ ಪೊಟ್ಟಣದಲ್ಲಿ ಜುಬ್ಬಾದ ಒಂದು ತೋಳೇ ಇರದೆ, ಬೈಸಿಕೊಂಡವನು ಕನ್ನಪ್ಪನಂತೆ. ಬೇಕಾದರೆ ನೀವೇ ಬನ್ನಿ ಎಂದು ಸೀಟಿ ಊದಿದ. ಇನಾಸ ಕೋಟು, ಸೂಜಿ, ದಾರ, ಗುಂಡಿಗಳೊಂದಿಗೆ ಹತ್ತಿದ. ಮಕ್ಕಳ ನೆನಪಾಯಿತು. ಮಕ್ಕಳಲ್ಲವೇ, ತಾನು ಬೆನ್ನು ತಿರುಗಿಸಿದ ಕೂಡಲೇ ಎದ್ದು ಗೋಲಿ ಆಡಲು ಹೋಗಿರುತ್ತವೆ ಎಂದು ಸಮಾಧಾನ ಹೇಳಿಕೊಂಡ.

ಪಕ್ಕದ ಸೀಟಿನಲ್ಲಿ ಅವನ ಓಣಿಯ ಪುಷ್ಪಮ್ಮ ಕೂತಿದ್ದರು, ತಂಗಿಯ ಮನೆಗೆ ಹೊರಟವರು. “ಭಾನುವಾರ ಸೂಜಿ ಮುಟ್ಟಿದ್ರೆ ಪಾಪ ಅಂತ ಹೋದ ವಾರ ನನ್ನ ರವಿಕೆ ವಾಪಸ್ ಕಳ್ಸಿದ್ರಲ್ಲ ಟೈಲರ್ರೇ?”

“ಬಸ್ಸು ಓಡ್ತಿರುವಾಗ ಲೆಕ್ಕಕ್ಕಿಲ್ಲ ಪುಷ್ಪಮ್ಮ,” ಎಂದ ಇನಾಸ.

ಬಸ್ಸು ಹೊಂಡದಿಂದ ಹೊಂಡಕ್ಕೆ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಸೂಜಿ ಒಮ್ಮೆ ಕೋಟಿಗೆ, ಒಮ್ಮೆ ಬೆರಳಿಗೆ. ಅಂತೂ ಗುಂಡಿಗಳೆಲ್ಲ ಕೂತವು. ಹೊಸನಗರದಲ್ಲಿ ಇಳಿಯಲು ಎದ್ದರೆ ಕೋಟು ಕೈಗೆ ಬಾರದು. ಕೊನೆಯ ಗುಂಡಿಯನ್ನು ಅವನು ಕೋಟಿಗೂ ತನ್ನ ಅಂಗಿಗೂ ಸೇರಿಸಿ ಹೊಲಿದಿದ್ದ. ಪುಷ್ಪಮ್ಮ ಹಲ್ಲಿನಿಂದ ದಾರ ಕಚ್ಚಿ ಬಿಡಿಸಿಕೊಟ್ಟರು. ರವಿಕೆಯ ವಿಷಯವನ್ನು ಇನ್ನೊಮ್ಮೆ ನೆನಪಿಸುವುದನ್ನೂ ಮರೆಯಲಿಲ್ಲ.

ಗುತ್ಯಪ್ಪನವರ ಮನೆ ಮುಂದೆ ಚಪ್ಪರವಿಲ್ಲ, ವಾಲಗವಿಲ್ಲ. ಅವರ ಹೆಂಡತಿ ಹಾಲಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಗುತ್ಯಪ್ಪನವರು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮದುವೆ ಮುರಿದುಬಿತ್ತು, ಅದೂ ತನ್ನ ಕೋಟಿನಿಂದ ಎಂದು ಇನಾಸನಿಗೆ ಖಾತ್ರಿಯಾಯಿತು. ಅವನು ಕೋಟನ್ನು ಎದೆಗವಚಿಕೊಂಡು, ಬೆಳಿಗ್ಗೆ ಹೇಳಿದ ಪಾಠವನ್ನೇ ಮೆಲ್ಲಗೆ ಸುರುಮಾಡಿದ. “ಧೈರ್ಯ ತಗೊಳ್ಳಿ ಗುತ್ಯಪ್ಪೋರೇ. ದೇವರು ಮೇಲಿದ್ದಾನೆ. ತಾಳ್ಮೆ ಇದ್ರೆ ಇದಕ್ಕಿಂತ ಒಳ್ಳೆ ಸಂಬಂಧ ಕೂಡಿ ಬರುತ್ತೆ.”

ಗುತ್ಯಪ್ಪನವರು ಎಲೆ ಮಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. “ಧನುರ್ಮಾಸದಲ್ಲಿ ಯಾರಾದ್ರೂ ಮದುವೆ ಮಾಡ್ತಾರೇನ್ರೀ? ಮದುವೆ ಇರೋದು ಸಂಕ್ರಾಂತಿ ಕಳೆದ ಮೇಲೆ. ನಿಮ್ಗೆ ಇದ್ದ ದಿನ ಹೇಳಿದ್ರೆ ಕೋಟು ಯುಗಾದಿಗೆ ಬರ್ತಿತ್ತು. ಅದ್ಕೇ ಮುಂಚೆ ಹೇಳಿದ್ದು. ಆದ್ರೂ ನಾನು ಹೇಳಿದ ದಿನವೇ ನೀವು ಬರ್ತೀರಿ ಅಂತ ನಂಬಿರ್ಲಿಲ್ಲ.”

ಮಗನನ್ನು ಕರೆದು ಕೋಟು ತೊಡಿಸಿ ನೋಡಿದರು. ತೋಳು ತುಸು ಉದ್ದವಿತ್ತು. ಹೇಗೂ ದಿನ ಇದೆಯಲ್ಲ, ಸರಿಮಾಡಿ ತನ್ನಿ ಎಂದು ಕೋಟನ್ನು ಅವನ ಕೈಗೇ ವಾಪಸು ಕೊಟ್ಟರು. ಹಾಲಮ್ಮ ಕಡುಬು ತಿನ್ನಿಸದೆ ಬಿಡಲಿಲ್ಲ. ತಿಂದು ರಸ್ತೆಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ಇನಾಸ ಕೋಟನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದಾಗ ಹಿಂದಿನಿಂದ ಮೋಟಾರ್ ಸೈಕಲ್ ಬಂದು ನಿಂತಿತು. ತೀರ್ಥಹಳ್ಳಿಯಿಂದ ಮರಳುತ್ತಿದ್ದ ಪಾದ್ರಿಗಳು. ಹಿಂದೆ ಕೂರಿಸಿಕೊಂಡರು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ, ಮಕ್ಕಳು ಹೇಗೆ ಕಲಿತರು? ಇನಾಸ ಗಾಳಿಯ ಸದ್ದಿನಲ್ಲಿ ಕೇಳಿಸದವನಂತೆ ನಟಿಸಿದ. ಖಾಲಿ ಜಗಲಿ ಅವನ ಕಣ್ಣಿಗೆ ಕಟ್ಟಿತ್ತು. ‘ಮಾಸ್ತರೇ’ ಎನ್ನುವ ಶಬ್ದ ಬೆಳಿಗ್ಗೆ ಒಂದು ಸಲ ಕೇಳಿದ್ದೇ ಕೊನೆ ಎಂದುಕೊಂಡ.

ಇಗರ್ಜಿಯ ಮುಂದೆ ಜನ ಸೇರಿದ್ದರು. ತನ್ನನ್ನು ಬೈಯಲೆಂದೇ ಎಂದುಕೊಂಡು ಇನಾಸ ಪಾದ್ರಿಗಳ ಬೆನ್ನ ಹಿಂದೆ ಸರಿದ. ಆದರೆ ಜಗಲಿ ಖಾಲಿ ಇರಲಿಲ್ಲ. ಮಕ್ಕಳು ಬೆಳಿಗ್ಗೆ ಕೂತ ಸಾಲಿನಲ್ಲೇ ಕೂತಿದ್ದರು. ಅಮ್ಮಂದಿರು ಕರೆದು ಸೋತು, ಕೊನೆಗೆ ಅಲ್ಲಿಗೇ ಗಂಜಿ ಉಪ್ಪಿನಕಾಯಿ ತಂದು ಉಣ್ಣಿಸಿದ್ದರು. ಬಹಿರ್ದೆಸೆಗೆ ಹೋಗುವವರು ಕೂಡ ಜಾಗದಲ್ಲಿ ಟೋಪಿ ಇಟ್ಟು ಹೋಗಿ ಬಂದಿದ್ದರಂತೆ.

“ಇವರು ಬರೋದಿಲ್ಲ, ಇವರ ಮಾತು ನಂಬಬೇಡಿ ಅಂತ ನಾನೇ ಹೇಳಿದೆ ಫಾದರ್,” ಎಂದಳು ಸೆವ್ರಿನ್. “ಕೇಳಲಿಲ್ಲ.”

ಪಾದ್ರಿಗಳು ಏನು ಕಲಿತಿರಿ ಎಂದು ಕೇಳಿದರು. ಎಮಿಲಿಯಾ ಕೂತಲ್ಲಿಂದಲೇ ಹೇಳಿದಳು, “ಬರ್ತೀನಿ ಅಂದವರು ಬರ್ತಾರೆ ಅಂತ ನಂಬಿ ಕೂರೋದು. ಬಂದ್ರಲ್ಲ ಫಾದರ್. ಮಾಸ್ತರೇ, ಈಗ ಏಳಬಹುದಾ?”

ಊರೆಲ್ಲ ನಗುವ ಇನಾಸನ ಮಾತನ್ನು ಒಂದು ಹಗಲು ಪೂರ್ತಿ ನಂಬಿದವರು ಈ ಮಕ್ಕಳು ಮಾತ್ರ. ಕೈಯಲ್ಲಿದ್ದ ಕೋಟಿನಿಂದಲೇ ಕಣ್ಣೊರೆಸಿಕೊಂಡು, ಏಳಿ ಮಕ್ಕಳೇ ಎಂದ. ಪಾದ್ರಿಗಳು ಎಲ್ಲರೆದುರು ಅವನ ಬೆನ್ನು ತಟ್ಟಿ, ಇನ್ನು ಮುಂದೆ ಇವರೇ ಮಾಸ್ತರು ಎಂದರು.

ಅಮ್ಮಂದಿರು ಮಾತ್ರ ಮಕ್ಕಳನ್ನೊಮ್ಮೆ, ಇನಾಸನನ್ನೊಮ್ಮೆ ನೋಡುತ್ತ ಮನೆಗೆ ಹೋದರು.

ಮರುದಿನ ಶಾಲೆಗೆ ಹಬ್ಬದ ರಜೆ. ಇನಾಸ ಮಾಸ್ತರು ಎದೆ ಮುಂದೆ ಮಾಡಿಕೊಂಡು ಬಂದು ನೋಡಿದರೆ, ಅಂಗಡಿಯ ಮೆಟ್ಟಿಲ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಪಕ್ಕದಲ್ಲೂ ಅಮ್ಮಂದಿರು ಕಟ್ಟಿಕೊಟ್ಟ ಒಂದೊಂದು ಬುತ್ತಿ.

“ಹಬ್ಬದ ಬಟ್ಟೆಗೆ ಬಂದ್ವಿ ಮಾಸ್ತರೇ,” ಎಂದಳು ಎಮಿಲಿಯಾ. “ನೀವು ನಿಧಾನಕ್ಕೆ ಹೊಲೀರಿ. ನಾವು ಆಯ್ತಾ ಆಯ್ತಾ ಅಂತ ಕೇಳಲ್ಲ. ಸುಮ್ನೆ ಕೂತಿರ್ತೀವಿ. ಫಾದರ್ ಅವರ ನಿಲುವಂಗಿಗೂ ನಾವೇ ಕೂರಬೇಕಂತೆ.”

‘ನಾಳೆ’ ಎನ್ನಲು ಇನಾಸ ಬಾಯಿ ತೆರೆದ. ಅಷ್ಟೂ ಕಣ್ಣುಗಳು ಭರವಸೆಯಿಂದ ಅವನನ್ನೇ ನೋಡಿದವು. ಬಾಯಿ ಮುಚ್ಚಿ, ಬೀಗ ತೆಗೆದು, ಹೊಲಿಗೆ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದ.

ತುಸು ಹೊತ್ತಿಗೆ, ತಂಗಿಯ ಮನೆಯಿಂದ ಮರಳಿದ್ದ ಪುಷ್ಪಮ್ಮ ಮಗಳ ಕೈ ಹಿಡಿದುಕೊಂಡು ಬಂದರು. “ನಮ್ಮ ಮಹಾಲಕ್ಷ್ಮೀನೂ ಇಲ್ಲೇ ಕೂರ್ಲಿ ಮಾಸ್ತರೇ,” ಎಂದರು ಬಹಳ ಗೌರವದಿಂದ, “ನನ್ನ ರವಿಕೆ ಆಗೋ ತನಕ.”