ಮಾವನ ಸ್ಟೂಲು

ಮಾವ ತೀರಿಕೊಂಡ ಹದಿನೇಳನೆಯ ದಿನ ಬೆಳಿಗ್ಗೆ, ದರ್ಜಿಯಂಗಡಿಯಿಂದ ಮಹಡಿಯ ಮನೆಗೆ ಹತ್ತುವ ಮರದ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿತು.

ಟಪ್... ಸರ್. ಟಪ್... ಸರ್.

ಮೂವತ್ತು ವರ್ಷ ಆ ಬೀದಿ ಕೇಳಿದ್ದ ಸದ್ದು. ಬಲಪಾದ ಮೇಲೇಳದೆ ಒದ್ದೆ ಬಟ್ಟೆಯಂತೆ ಬಡಿದು, ಎಳೆದುಕೊಂಡು ಬರುವ ಸದ್ದು. ಮಗಳ ಕೈಯಿಂದ ಲೋಟ ಜಾರಿತು.

"ಅಪ್ಪಾ?"

"ನಾನು ಕಣೇ," ಎಂದ ಅವಳ ಗಂಡ, ಗೋಡೆ ಹಿಡಿದು ಮೇಲೆ ಬಂದು. "ಕಾಲು ಯಾಕೋ ಮಾತು ಕೇಳ್ತಿಲ್ಲ."

ಅವಳು ಬಿಳುಚಿಕೊಂಡಳು. ಸಾಯುವಾಗ ಅಪ್ಪ ಅಳಿಯನ ಕೈ ಹಿಡಿದು, "ನನ್ನ ಸ್ಟೂಲ್ ಮೇಲೆ ಕೂತ್ಕೋಬೇಡ" ಎಂದಿದ್ದರು. ಯಾಕೆಂದು ಕೇಳುವಷ್ಟರಲ್ಲಿ ಉಸಿರು ನಿಂತಿತ್ತು. ಆದರೆ ಅವರು ಕತ್ತರಿಸಿಟ್ಟುಹೋದ ಹನ್ನೊಂದು ಕೋಟುಗಳನ್ನು ಮುಗಿಸಬೇಕಿತ್ತು. ಅಂಗಡಿಯಲ್ಲಿ ಬೇರೆ ಸ್ಟೂಲಿರಲಿಲ್ಲ. ಅಳಿಯ ಮಾವನಂತೆಯೇ ಎಡಮೊಣಕಾಲ ಮೇಲೆ ಬಲಗಾಲು ಹಾಕಿಕೊಂಡು ದಿನವೂ ಬೆಳಗಿನಿಂದ ಸಂಜೆಯವರೆಗೆ ಹೊಲಿದಿದ್ದ.

"ನಾವಿಲ್ಲಿರೋದು ಅಪ್ಪನಿಗೆ ಇಷ್ಟ ಇಲ್ಲ. ಬೀಗ ಹಾಕಿ ಹೋಗೋಣ ಬನ್ನಿ."

"ನಂಗೆ ಬೇರೆ ಯಾವ ಕೆಲಸ ಬರುತ್ತೆ ಹೇಳು? ಸಂಜೆವರೆಗೆ ಬಿಡು. ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ."

"ಸಂಜೆ ಆ ಹೆಜ್ಜೆ ಕೇಳಿಸಿದ್ರೆ ಬೀಗ. ಅಷ್ಟೆ."

ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಕರೆಯದೆಯೇ ಬಂದ. "ಸ್ಟೂಲ್ ಖಾಲಿ ಬಿಟ್ರೆ ಯಜಮಾನರು ಬಂದು ಕೂತ್ಬಿಡ್ತಾರೆ ಕಣ್ರೀ! ನೀವು ಹೋಗ್ಬನ್ನಿ, ನಾನು ಕೂತು ಕಾಯ್ತೀನಿ. ಅಲ್ಲಾಡಿದ್ರೆ ಕೇಳಿ."

ದರ್ಜಿ ಅಳಿಯ ಡಾಕ್ಟರ ಬಳಿಗೆ ಪ್ರತಿ ಹೆಜ್ಜೆಗೂ ಕಾಣದ ಹೊಸ್ತಿಲು ದಾಟುವವನಂತೆ ಮೊಣಕಾಲೆತ್ತಿ ನಡೆದ. ಸದ್ದು ಗುರುತಿದ್ದವರು ಬಾಗಿಲು ಮುಂದೆ ಮಾಡಿಕೊಂಡರು. ಮಾವನ ಹಿಂದೆ ಅಲೆಯುತ್ತಿದ್ದ ಮುದಿನಾಯಿ ಎದ್ದು ಅವನ ಹಿಂದೆ ಬಂತು. ಅವನು ನಿಂತರೆ ನಿಂತಿತು. ಅವನ ಮುಖವನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ.

ಡಾಕ್ಟರು ಮೊಣಕಾಲಿನ ಕೆಳಗೆ, ಹೊರಮಗ್ಗುಲಲ್ಲಿ ಒತ್ತಿದರು. "ಇಲ್ಲಿ ಚರ್ಮದ ಕೆಳಗೇ ಒಂದು ನರ ಇದೆ. ಕಾಲ ಮೇಲೆ ಕಾಲು ಹಾಕಿ ಗಂಟೆಗಟ್ಟಲೆ ಕೂತ್ರೆ ಅದು ನಲುಗಿ ಪಾದ ಜೋತುಬೀಳುತ್ತೆ. ಹಾಗೆ ಕೂರೋದು ಬಿಡಿ, ವ್ಯಾಯಾಮ ಮಾಡಿ. ಸರಿಹೋಗೋವರೆಗೂ ಪಾದ ಎತ್ತಿ ಹಿಡಿಯೋಕೆ ಈ ಪಟ್ಟಿ ಕಟ್ಕೊಳ್ಳಿ. ನರದ ಪರೀಕ್ಷೆನೂ ಮಾಡೋಣ."

"ನಮ್ಮ ಮಾವನಿಗೂ ಹೀಗೇ ಇತ್ತು ಸಾರ್."

"ಅವರೂ ಹಾಗೇ ಕೂರ್ತಿದ್ರಾ?"

ದರ್ಜಿಯ ಕಣ್ಣು ತುಂಬಿತು. ಮಾವ ಹೇಳಿದ್ದು ಶಾಪವಲ್ಲ. ಕೊನೆಯ ಉಸಿರನ್ನು ಅಳಿಯನ ಕಾಲಿಗಾಗಿ ಖರ್ಚು ಮಾಡಿದ್ದರು. ಅವನು ಅಲ್ಲಿಯೇ ಕೈಮುಗಿದು ದೇವರನ್ನು ನೆನೆದ.

ಸಂಜೆ ಅವನು ಪಟ್ಟಿ ಕಟ್ಟಿಕೊಂಡು ಬೆಕ್ಕಿನಂತೆ ಸದ್ದಿಲ್ಲದೆ ಬಂದ. ಮೊದಲೇ ಹಿಂದಿರುಗಿ ಅಂಗಡಿಯ ಬಾಗಿಲಲ್ಲಿ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ಮುಚ್ಚಿತು. ಹೆಂಡತಿ ಬೀಗ ಹಿಡಿದು ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತಿದ್ದಳು.

"ಕೇಳೇ! ಸದ್ದಿದೆಯಾ?" ಹತ್ತು ಹೆಜ್ಜೆ ನಡೆದು ತೋರಿಸಿದ. ಅವಳ ಮುಖ ಸಡಿಲವಾಯಿತು.

ಆಗ ಅಂಗಡಿಯೊಳಗೆ, ಸ್ಟೂಲಿದ್ದ ಒಳಕೋಣೆಯ ಪರದೆಯ ಹಿಂದೆ ಕೇಳಿಸಿತು.

ಟಪ್... ಸರ್.

ನಾಯಿ ಬಾಲ ಅಲ್ಲಾಡಿಸುತ್ತ ಎದ್ದಿತು. ಪರದೆ ಸರಿಯಿತು. ಗಡಿಯಾರದವನು ಗೋಡೆ ತಬ್ಬಿಕೊಂಡು ನಿಂತಿದ್ದ. "ಬೆಳಿಗ್ಗೆಯಿಂದ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತೋನು ಈಗ ಎದ್ದೆ ಕಣ್ರೀ... ಯಜಮಾನರು ನಿಮ್ಮನ್ನ ಬಿಟ್ಟು ನನ್ನೊಳಗೆ ಬಂದ್ರು!"

"ಅಯ್ಯೋ, ಅದು ಮಾವ ಅಲ್ಲ ಮಾರಾಯ್ರೇ, ನರ!" ದರ್ಜಿ ದಡಬಡಿಸಿ ತನ್ನ ಪಟ್ಟಿ ಬಿಚ್ಚಿ ಅವನ ಕಾಲಿಗೆ ಬಿಗಿದ. "ನಡೀರಿ ಈಗ!"

ಗಡಿಯಾರದವನು ನಡೆದ. ಸದ್ದೇ ಇಲ್ಲ.

"ನೋಡಿದ್ಯೇನೇ!" ಗೆದ್ದವನ ಸಂತೋಷದಲ್ಲಿ ದರ್ಜಿ ಹೆಂಡತಿಯ ಕಡೆಗೆ ಮೆಟ್ಟಿಲು ಹತ್ತಿದ.

ಟಪ್... ಸರ್. ಟಪ್... ಸರ್.

ಅವಳು ಕಣ್ಣು ಮುಚ್ಚಿ ಬೀಗವನ್ನು ಎದೆಗೊತ್ತಿಕೊಂಡಳು.

"ಆಯ್ತಪ್ಪಾ," ಎಂದಳು ಗಂಡನ ತಲೆಯ ಮೇಲಿನ ಗಾಳಿಗೆ. "ಹೊರಟ್ವಿ."