ಹೊಂಗೆ ಡೀಸೆಲ್ ಕಾಯಿಸಿದ ದಿನಗಳು

ಮರದ ಬೀಜದಿಂದ ಗಾಡಿ ಓಡಿಸ್ತೀವಿ ಅಂತ ಹೊರಟವರು ನಗೋದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಎದ್ದರೆ ತಾನಾಗೇ ಬಾಗಿಲಿಗೆ ಬಂದಿರುತ್ತೆ. ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಶಂಕರಘಟ್ಟದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ, ಭದ್ರಾವತಿಯ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ರಿಟೈರಾದ ಒಬ್ಬರು ನಮ್ಮ ಯಜಮಾನರು. ಹೊಂಗೆ ಬೀಜ ಅರೆದು ಎಣ್ಣೆ ತೆಗೆಯೋದು, ಅದಕ್ಕೆ ಸ್ಪಿರಿಟ್ಟು, ಕಾಸ್ಟಿಕ್ ಸೋಡಾ ಬೆರೆಸಿ ಕಾಯಿಸೋದು. ಅಂಟಂಟು ಗ್ಲಿಸರಿನ್ ತಳಕ್ಕೆ ಇಳಿದ ಮೇಲೆ ತೇಲೋದೇ ನಮ್ಮ ಬಯೋಡೀಸೆಲ್. ನೋಡೋಕೆ ಜೇನುತುಪ್ಪದ ಬಣ್ಣ, ವಾಸನೆ ಮಾತ್ರ ಹೊಂಗೇದೇ.

ಮಡಿ ಬೀಜ

ಬೀಜ ಕೇಳಿಕೊಂಡು ಜೀಪಿನಲ್ಲಿ ಶಿವಮೊಗ್ಗದ ವಿದ್ಯಾನಗರಕ್ಕೆ ಹೋಗಿದ್ದೆವು. ಮನೆ ಮುಂದೆ ದೊಡ್ಡ ಹೊಂಗೆ ಮರ ಇದ್ದ ಅಮ್ಮನೊಬ್ಬರು ಟೆರೇಸಿನ ಮೇಲೆ ಬಿಳಿ ಪಂಚೆ ಹಾಸಿ, ಹಪ್ಪಳದ ಹಾಗೆ ಬೀಜ ಒಣಗಿಸಿದ್ದರು. ಚೀಲ ಕೊಡುವ ಮುಂಚೆ ಕೇಳಿದರು:

"ಇದನ್ನ ಬೇರೆಯವರ ಬೀಜದ ಜೊತೆ ಬೆರೆಸ್ತೀರಾ?"

"ಹೌದಮ್ಮಾ, ಮಿಷಿನ್ನಿಗೆ ಎಲ್ಲಾ ಒಟ್ಟಿಗೇ ಹಾಕೋದು."

"ಅಯ್ಯೋ, ಇದು ಸ್ನಾನ ಮಾಡಿ ಮಡೀಲಿ ಒಣಗಿಸಿದ್ದು! ಹಿಟ್ಟಿನ ಗಿರಣೀಲೂ ನಾನು ನಿಂತು ನಮ್ಮ ಗೋಧೀನೇ ಬೀಸಿಸಿಕೊಂಡು ಬರ್ತೀನಿ."

ಯಜಮಾನರು ಕೈಮುಗಿದು ಹೇಳಿದರು, "ಅಮ್ಮಾ, ಇದು ಊಟಕ್ಕಲ್ಲ. ಗಾಡಿಗೆ."

ಆಕೆ ಸ್ವಲ್ಪ ಯೋಚನೆ ಮಾಡಿ ಚೀಲ ಕೊಟ್ಟರು. ಜೀಪು ಹೊರಟ ಮೇಲೆ ಗೇಟಿನವರೆಗೂ ಓಡಿ ಬಂದು ಕೂಗಿದರು: "ಕೋಳಿ ಲಾರಿಗೆ ಮಾತ್ರ ಹಾಕಬೇಡ್ರಪ್ಪಾ!"

ಎಣ್ಣೆ ಸಿಗುತ್ತಾ?

ಶೆಡ್ಡಿನ ಮುಂದೆ "ಎಣ್ಣೆ ಘಟಕ" ಅಂತ ಬೋರ್ಡು ಹಾಕಿಸಿದ್ದೇ ತಪ್ಪಾಯಿತು. ಒಂದು ಬೆಳಿಗ್ಗೆ ಕೆಂಪು ಕಣ್ಣಿನ ಒಬ್ಬ ಮನುಷ್ಯ ಬಂದು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದ, "ಎಣ್ಣೆ ಸಿಗುತ್ತಾ ಸಾರ್?"

ಯಜಮಾನರಿಗೆ ಗಿರಾಕಿ ಬಂದ ಸಂಭ್ರಮ. "ಬನ್ನಿ ಬನ್ನಿ. ನಮ್ಮದು ಹೊಂಗೇದು."

"ಹೊಂಗೇಲೂ ಬಂತಾ? ಕಿಕ್ ಹೆಂಗೆ ಸಾರ್?"

"ಕಿಕ್ಕೇ ಬೇಡ! ಸೆಲ್ಫಲ್ಲೇ ಸ್ಟಾರ್ಟು."

"ಸೋಡಾ?"

"ಸೋಡಾ ನಾವೇ ಹಾಕಿರ್ತೀವಿ. ಸ್ಪಿರಿಟ್ಟೂ ಹಾಕಿರ್ತೀವಿ."

ಆತ ಸಂತೋಷದಿಂದ ಜೇಬಿನಿಂದ ಪ್ಲಾಸ್ಟಿಕ್ ಲೋಟ ತೆಗೆದ. ಒಳಗಿದ್ದ ನಾನು ಎದ್ದೆನೋ ಬಿದ್ದೆನೋ ಅಂತ ಓಡಿ ಬಂದು, "ಅಣ್ಣಾ, ಇದು ಕುಡಿದ್ರೆ ಕಣ್ಣು ಹೋಗುತ್ತೆ, ಜೀವಾನೂ ಹೋಗುತ್ತೆ! ಇದು ಡೀಸೆಲ್ಲು" ಅಂದೆ. ಆತನ ಮುಖ ಸಪ್ಪಗಾಯಿತು. ನಮ್ಮ ಹಳೇ ಜೀಪಿನ ಕಡೆ ಒಂದು ಸಲ ನೋಡಿ ನಿಟ್ಟುಸಿರುಬಿಟ್ಟ: "ಪುಣ್ಯ ಮಾಡಿದೆ ಬಿಡಿ, ಅದು."

ಬೋಂಡದ ವಾಸನೆ

ಹೊಂಗೆ ಬೀಜ ಸಿಗದ ಕಾಲದಲ್ಲಿ ಹೋಟೆಲಿನವರು ಕರಿದು ಬಿಟ್ಟ ಎಣ್ಣೆ ತಂದು ಡೀಸೆಲ್ ಮಾಡಿದೆವು. ಜೀಪು ಚೆನ್ನಾಗೇ ಓಡಿತು. ಆದರೆ ಹೋದಲ್ಲೆಲ್ಲ ಬಿಸಿ ಬೋಂಡದ ಘಮ. ಯಜಮಾನರಿಗೆ ಸಕ್ಕರೆ ಕಾಯಿಲೆ, ಬಿ.ಪಿ.; ಕರಿದದ್ದು ಮುಟ್ಟಬಾರದು ಅಂತ ಅವರ ಹೆಂಡತಿ ಕಟ್ಟಪ್ಪಣೆ ಮಾಡಿದ್ದರು. ಮಾರನೇ ದಿನ ಆಕೆಯೇ ನನಗೆ ಫೋನ್ ಮಾಡಿದರು.

"ನಿಜ ಹೇಳು ಮಾರಾಯ್ತಿ. ಇವರು ನಿನ್ನೆ ಮನೆಗೆ ಬಂದಾಗ ಮೈಯೆಲ್ಲಾ ಬೋಂಡದ ವಾಸನೆ. ಕೇಳಿದ್ರೆ, ನಾನಲ್ಲ ಜೀಪು ಅಂತಾರೆ."

ನಾನು ಹುರುಪಿನಿಂದ ಪಾಠ ಶುರು ಮಾಡಿದೆ. ಎಣ್ಣೆ ಹೇಗೆ ಡೀಸೆಲ್ ಆಗುತ್ತೆ, ವಾಸನೆ ಹೇಗೆ ಹೊಗೆಯಲ್ಲಿ ಉಳಿಯುತ್ತೆ, ಎಲ್ಲ ಬಿಡಿಸಿ ಹೇಳಿದೆ. ಆಕೆ ತಾಳ್ಮೆಯಿಂದ ಪೂರ್ತಿ ಕೇಳಿದರು.

"ಆಯ್ತಮ್ಮಾ, ಒಪ್ಪಿಕೊಂಡೆ. ಮೀಸೇಲಿದ್ದ ಚಟ್ನೀನೂ ಜೀಪೇ ಹಚ್ಚಿದ್ದಾ?"

ಬಸ್ಸು ನಿಂತದ್ದು

ಒಬ್ಬ ಬಸ್ಸಿನ ಸಾವ್ಕಾರರು ಭದ್ರಾವತಿ–ಶಿವಮೊಗ್ಗ ಬಸ್ಸಿನಲ್ಲಿ ನಮ್ಮ ಎಣ್ಣೆ ಹಾಕಿ ನೋಡಲು ಒಪ್ಪಿದರು. ಹಿಡಿಸಿದರೆ ಕಾಯಂ ಆರ್ಡರು, ಇಲ್ಲದಿದ್ದರೆ ಶೆಡ್ಡಿಗೆ ಬೀಗ. ಟ್ಯಾಂಕಿನಲ್ಲಿದ್ದ ಡೀಸೆಲ್ ತಳ ಕಾಣುವವರೆಗೂ ಓಡಿಸಿ, ಬೆಳಿಗ್ಗೆ ನಮ್ಮ ಕ್ಯಾನಿನ ಎಣ್ಣೆ ಹಾಕಬೇಕು ಅಂತ ಡ್ರೈವರಿಗೆ ಹೇಳಿದ್ದರು. ನಾವು ಹೋದಾಗ ಡ್ರೈವರು, "ಹಾಕಿದ್ದೀನಿ, ಹತ್ತಿ" ಅಂದ. ಯಜಮಾನರೂ ನಾನೂ ಮುಂದಿನ ಸೀಟಿನಲ್ಲಿ ಕೂತೆವು.

ಅರ್ಧ ದಾರಿಯಲ್ಲಿ ಬಸ್ಸು ಕೆಮ್ಮಿ, ನಡುಗಿ, ನಿಂತಿತು. ನನಗೆ ಅಳುವೇ ಬಂತು. ಹೊಂಗೆ ಎಣ್ಣೆಯ ಸುದ್ದಿ ಗೊತ್ತಾಗಿ ಪ್ರಯಾಣಿಕರೆಲ್ಲ ಇಳಿದು ನಮ್ಮನ್ನು ಸುತ್ತುವರಿದರು.

"ಹೊಂಗೆ ಎಣ್ಣೆ ತಂಪು ಮಾರಾಯ, ಇಂಜಿನ್ನಿಗೆ ನೆಗಡಿ ಆಗಿದೆ" ಅಂದರೊಬ್ಬರು.

"ಕಜ್ಜಿಗೆ ಹಚ್ಚೋ ಎಣ್ಣೆ ಬಸ್ಸಿಗೆ ಹಾಕ್ತಾರೇನ್ರೀ?" ಅಂತ ಇನ್ನೊಬ್ಬಾಕೆ.

ಯಜಮಾನರು ಪಂಚೆ ಎತ್ತಿ ಕಟ್ಟಿ, ಒಂದು ಕಡ್ಡಿ ಇಳಿಬಿಟ್ಟು ಟ್ಯಾಂಕು ನೋಡಿದರು. ಕಡ್ಡಿ ಒದ್ದೆಯಾಗದೆ ಮೇಲೆ ಬಂತು. ಟ್ಯಾಂಕಿನಲ್ಲಿ ಒಂದು ತೊಟ್ಟೂ ಇಲ್ಲ. ಡ್ರೈವರನ ಸೀಟಿನ ಹಿಂದೆ ನಮ್ಮ ಕ್ಯಾನು, ಮುಚ್ಚಳ ಬಿಚ್ಚದೆ, ಟವೆಲ್ ಹೊದ್ದು ಕೂತಿತ್ತು.

"ಏನಪ್ಪಾ ಇದು?"

ಡ್ರೈವರು ತಲೆ ಕೆರೆದುಕೊಂಡ. "ಇಂಜಿನ್ ಹಾಳಾದ್ರೆ ನನ್ನ ತಲೆಗೆ ಬರುತ್ತೆ ಅಂತ ಹೆದರಿಕೆ ಆಯ್ತು ಸಾರ್. ತಳದಲ್ಲಿದ್ದ ಡೀಸೆಲ್ಲೇ ಶಿವಮೊಗ್ಗ ಮುಟ್ಟಿಸುತ್ತೆ ಅಂದ್ಕೊಂಡೆ. ಸಾವ್ಕಾರರಿಗೆ ಮಾತ್ರ ಹೇಳಬೇಡಿ."

ಯಜಮಾನರೇ ಹೊಂಗೆ ಡೀಸೆಲ್ ಸುರಿದು, ಪೈಪಿನಲ್ಲಿ ತುಂಬಿದ್ದ ಗಾಳಿ ತೆಗೆದು ಸ್ಟಾರ್ಟ್ ಮಾಡಿಸಿದರು. ಬಸ್ಸು ಒಂದೇ ಸಲಕ್ಕೆ ಗುಡುಗಿತು. ನೆಗಡಿ ಅಂದವರೇ ಮೊದಲು ಹತ್ತಿ ಕಿಟಕಿ ಪಕ್ಕ ಕೂತರು.

ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಸಾವ್ಕಾರರು ಕಾಯುತ್ತಿದ್ದರು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಅಂದು ಆರ್ಡರು ಸಿಕ್ಕಿದ್ದು ಡ್ರೈವರು ಹೇಳಿದ ಮಾತಿನಿಂದ.

"ಹೆಂಗಯ್ಯಾ ಈ ಎಣ್ಣೆ? ನಿಜ ಹೇಳು" ಅಂತ ಅವರು ಕೇಳಿದರು.

ಡ್ರೈವರು ನಮ್ಮ ಮುಖ ನೋಡಿದ, ನೆಲ ನೋಡಿದ, ಆಮೇಲೆ ಎದೆ ಮೇಲೆ ಕೈ ಇಟ್ಟು ಹೇಳಿದ:

"ದೇವರಾಣೆ ಸಾವ್ಕಾರ್ರೆ, ಇದನ್ನ ಹಾಕದಿದ್ರೆ ಗಾಡಿ ಮುಂದಕ್ಕೇ ಹೋಗಲ್ಲ!"