ನಮ್ಮತ್ತೆಯ ಕೊರಳಿನ ವಿಷಲ್

ನಮ್ಮತ್ತೆಯನ್ನು ಹಕ್ಕಿಗಳ ಹತ್ತಿರ ಬಿಡಬಾರದೆಂದು ಸರ್ಕಾರ ಯಾವತ್ತೋ ಒಂದು ಕಾನೂನು ತರಬೇಕಿತ್ತು. ತರಲಿಲ್ಲ. ಅವರು ಹಕ್ಕಿ ನೋಡುವವರಾಗಿಬಿಟ್ಟರು!

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು, ನಿವೃತ್ತಿಯಾದ ಮೇಲೆ ಶಿವಮೊಗ್ಗದ ಕೋಟೆ ರಸ್ತೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಅವರು ಮೈದಾನದಲ್ಲಿ "ಸಾವಧಾನ್!" ಅಂದರೆ ಮಕ್ಕಳೇನು, ಆಚೆ ರಸ್ತೆಯ ಸೈಕಲ್ಲುಗಳೂ ನಿಲ್ಲುತ್ತಿದ್ದವಂತೆ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಒಮ್ಮೆ ಅವರು "ಪಾಪ, ಎಷ್ಟು ಸೊರಗಿದೆ ನೋಡೋ" ಎಂದು ಪಿಸುಗುಟ್ಟಿದ್ದಕ್ಕೆ, ಮಲಗಿದ್ದ ಸಿಂಹ ಎದ್ದು, ನಮ್ಮನ್ನೊಮ್ಮೆ ನೋಡಿ, ಪೊದೆಯ ಹಿಂದೆ ಹೋಗಿ ಮಲಗಿತು. ಇಂಥವರಿಗೆ ಬೇಕಿತ್ತೇ ಹಕ್ಕಿಯ ಹುಚ್ಚು?

ಆದರೆ ಕಾಡಿನೊಳಗೆ ಕಾಲಿಟ್ಟರೆ ಅತ್ತೆ ಬೇರೆಯೇ ಮನುಷ್ಯರು. ಬಾಯಿ ಬಂದ್. ತೀರಾ ಬೇಕಾದರೆ ಉಸಿರಲ್ಲಿ ಒಂದು ಮಾತು, ಉಳಿದದ್ದೆಲ್ಲ ಕೈಸನ್ನೆಯಲ್ಲೇ, ಅದೂ ಖೋಖೋ ಅಂಪೈರಿನ ಸನ್ನೆಗಳಲ್ಲಿ! ಕೈ ಮೇಲೆತ್ತಿದರೆ ಮರದ ತುದಿ, ಪಕ್ಕಕ್ಕೆ ಚಾಚಿದರೆ ಪೊದೆ, ಎರಡೂ ಕೈ ತಿರುಗಿಸಿದರೆ ಹಕ್ಕಿ ಹಾರಿಹೋಯಿತು ಎಂದು ಅರ್ಥ. ಕೊರಳಲ್ಲಿ ಮಾತ್ರ ಹಳೆಯ ಸ್ಟೀಲ್ ವಿಷಲ್ ನೇತಾಡುತ್ತಲೇ ಇರುತ್ತದೆ. ಕಾಡಿನಲ್ಲಿ ಒಂದು ದಿನವೂ ಅದನ್ನು ಊದಿದವರಲ್ಲ.

"ಮತ್ಯಾಕತ್ತೆ ಅದನ್ನ ಹೊತ್ಕೊಂಡು ಬರ್ತೀರಿ?" ಎಂದು ಕೇಳಿದ್ದೆ.

"ಯಾರಾದ್ರೂ ತಪ್ಪಿಸ್ಕೊಂಡ್ರೆ ಕರೀಬೇಕಲ್ಲೋ ಮಾರಾಯ!"

ವಾರದ ಕೊನೆಗೆ ಶಿವಮೊಗ್ಗದಿಂದ ಹಕ್ಕಿ ನೋಡುವ ನಮ್ಮ ಗುಂಪಿನ ಟೆಂಪೋ ಹೊರಡುತ್ತದೆ, ಭದ್ರಾವತಿಯಲ್ಲಿ ಇನ್ನಷ್ಟು ಮಂದಿಯನ್ನು ಹತ್ತಿಸಿಕೊಂಡು ಘಟ್ಟದ ಕಡೆ ಹೋಗುತ್ತದೆ. ಟೆಂಪೋಗೆ ಡ್ರೈವರ್ ಬೇರೆ ಇದ್ದರೂ ನಡೆಸುವವರು ಅತ್ತೆಯೇ. ಸೆಂಟು ಹಾಕಿಕೊಂಡು ಬಂದವರು ಕಿಟಕಿಯ ಪಕ್ಕ ಕೂರಬೇಕು. ಒಮ್ಮೆ ನಮ್ಮ ಫೋಟೋಗ್ರಾಫರ್ ಹುಡುಗಿ ಕೆಂಪು ಟೀಶರ್ಟಿನಲ್ಲಿ ಬಂದಳು. ಮಗುವಿನಷ್ಟು ದೊಡ್ಡ ಲೆನ್ಸು ಹೆಗಲಿಗೆ ಹಾಕಿಕೊಂಡವಳಿಗೆ ಅತ್ತೆ ತಮ್ಮ ಮಣ್ಣುಬಣ್ಣದ ಶಾಲು ತಲೆತುಂಬ ಹೊದಿಸಿದರು. ಎಲ್ಲಿದ್ದಾಳೆಂದು ನಮಗೇ ಗೊತ್ತಾಗದೆ, ತಿಂಡಿಯ ಹೊತ್ತಿಗೆ ಅವಳನ್ನು ಹುಡುಕಬೇಕಾಯಿತು!

ಇವೆಲ್ಲ ಸಣ್ಣಪುಟ್ಟ ಕಾನೂನು. ದೊಡ್ಡದು ಇನ್ನೊಂದಿದೆ. ಗುಂಪಿನಲ್ಲಿ ಎಲ್ಲರಿಗೂ ಕಾಣುವವರೆಗೆ ಆ ಹಕ್ಕಿಯನ್ನು ಯಾರೂ ನೋಡಿದ ಹಾಗಲ್ಲ! ಒಬ್ಬರಿಗೆ ಕಾಣದಿದ್ದರೂ ಅಲ್ಲಿಂದ ಹೆಜ್ಜೆ ಕೀಳುವಂತಿಲ್ಲ. ಇದರಿಂದ ಅತ್ಯಂತ ಸಂಕಟಪಟ್ಟವರು ಭದ್ರಾವತಿಯಲ್ಲಿ ಹತ್ತುವ ಫೋರ್‌ಮನ್. ಕಾರ್ಖಾನೆಯಲ್ಲಿ ಜೀವನವಿಡೀ ಕುಲುಮೆ ನೋಡಿದವರು, ತಮಿಳು ಮನೆಮಾತು. ಅವರಿಗೆ ಹಕ್ಕಿ ಕಾಣುವಷ್ಟರಲ್ಲಿ ಅದು ಗೂಡು ಕಟ್ಟಿ ಮೊಟ್ಟೆ ಇಟ್ಟಿರುತ್ತದೆ. ಒಮ್ಮೆ ಎಲ್ಲರೂ ತಮಗಾಗಿ ಬಿಸಿಲಲ್ಲಿ ಒಣಗುವುದನ್ನು ನೋಡಲಾರದೆ, "ಆ, ಕಂಡಿತು ಟೀಚರಮ್ಮಾ" ಎಂದುಬಿಟ್ಟರು.

"ಬಾಲ ಯಾವ ಕಡೆ ಇದೆ?"

"ಬಲಗಡೆ."

"ಅದು ಆಗ್ಲೇ ಹಾರಿಹೋಯ್ತು ಮಾರಾಯ್ರೇ!"

ಅವತ್ತಿನಿಂದ "ಬಾಲ ಯಾವ ಕಡೆ?" ಎಂಬುದು ನಮ್ಮೆಲ್ಲರ ಪರೀಕ್ಷೆಯ ಪ್ರಶ್ನೆಯಾಯಿತು.

ಈ ಕಾನೂನಿನಿಂದ ನಷ್ಟ ಯಾರಿಗೆ ಗೊತ್ತೇ? ಅತ್ತೆಗೆ! ಎಲ್ಲರಿಗೂ ತೋರಿಸಿದ ಮೇಲೆಯೇ ಅವರು ದುರ್ಬೀನು ಎತ್ತುವುದು. ಅಷ್ಟರಲ್ಲಿ ಹಕ್ಕಿ ತನ್ನ ಕೆಲಸ ನೋಡಿಕೊಂಡು ಹೋಗಿರುತ್ತದೆ. ಹೀಗಾಗಿಯೇ ಇಷ್ಟು ವರ್ಷವಾದರೂ ಅವರು ರಾಜಹಕ್ಕಿಯನ್ನು ನೋಡಿಲ್ಲ. ಹಾಲಿನಂಥ ಮೈ, ಕಪ್ಪು ತಲೆ, ರಿಬ್ಬನ್ನಿನಂಥ ಉದ್ದ ಬಾಲದ ಗಂಡು. ಕೂಗಿನ ಜಾಡು ಹಿಡಿದು ನಮಗೆಲ್ಲ ತೋರಿಸಿದ್ದಾರೆ, ತಾವು ನೋಡಿಲ್ಲ. "ಸಾಯೋದ್ರೊಳಗೆ ಒಂದ್ಸಲ ಸಿಗತ್ತೆ ಬಿಡೋ" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅವರಿಗೊಂದು ರಾಜಹಕ್ಕಿ ಕಾಣಿಸಬೇಕೆಂಬುದು ಈಚೆಗೆ ನನ್ನದೇ ಹಟವಾಗಿಬಿಟ್ಟಿದೆ.

ಕಳೆದ ಚಳಿಗಾಲದಲ್ಲಿ ಘಟ್ಟದ ಮೇಲಿನ ಒಂದು ಕೆರೆಗೆ ಹೋಗಿದ್ದೆವು. ಮಂಜು ಆಗಷ್ಟೇ ಏಳುತ್ತಿತ್ತು. ಕೆರೆ ಏರಿಯ ಪಕ್ಕದ ಬಿದಿರಿನಲ್ಲಿ ಏನೋ ಬೆಳ್ಳಗೆ ಅಲುಗಿತು. ಫೋಟೋಗ್ರಾಫರ್ ಹುಡುಗಿ ನನ್ನ ತೋಳು ಚಿವುಟಿದಳು. ರಾಜಹಕ್ಕಿ! ಒಬ್ಬೊಬ್ಬರಾಗಿ ಎಲ್ಲರೂ ನೋಡಿದೆವು. ದೇವರು ದೊಡ್ಡವನು, ಫೋರ್‌ಮನ್‌ಗೂ ಬೇಗನೆ ಕಂಡಿತು. ಹಕ್ಕಿ ಇನ್ನೂ ಅಲ್ಲೇ ಇತ್ತು, ಕೊಂಬೆಯಿಂದ ಕೊಂಬೆಗೆ ಹಾರಿ ಹುಳ ಹಿಡಿಯುತ್ತಿತ್ತು.

"ಅತ್ತೆ, ಈಗ ನೀವು!" ಎಂದೆ.

ಅತ್ತೆ ದುರ್ಬೀನು ಎತ್ತಿದರು. ಒಂದು ಕ್ಷಣ ಹಿಡಿದು ಇಳಿಸಿದರು.

"ಕಂಡಿತು. ನಡೀರಿ."

ಇಷ್ಟೇನಾ? ಇಷ್ಟು ವರ್ಷ ಕಾದ ಹಕ್ಕಿಗೆ ಇಷ್ಟೇನಾ? ಆಗ ನೋಡುತ್ತೇನೆ, ದುರ್ಬೀನಿನ ಮುಚ್ಚಳವನ್ನೇ ಅವರು ತೆಗೆದಿರಲಿಲ್ಲ.

ಅದನ್ನು ಫೋರ್‌ಮನ್ ಕೂಡ ನೋಡಿದರು. ಮೆಲ್ಲಗೆ ಕೇಳಿದರು: "ಟೀಚರಮ್ಮಾ, ಬಾಲ ಯಾವ ಕಡೆ ಇದೆ?"

ಅತ್ತೆ ವಿಷಲನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದರು. "ಮುಚ್ಚಳ ಇದ್ರೂ ಒಂದೇ, ತೆಗೆದ್ರೂ ಒಂದೇ ಕಣ್ರೀ. ಕಣ್ಣಿನ ನಡುವೆ ಕಲೆ ಬಂದಿದೆ. ಯಾವುದನ್ನ ನೆಟ್ಟಗೆ ನೋಡ್ತೀನೋ ಅದೇ ಮಾಯ ಆಗತ್ತೆ. ಸುತ್ತಮುತ್ತಲಿಂದು ಕಾಣತ್ತೆ, ಅದಕ್ಕೇ ನಡೆದಾಡ್ತೀನಿ. ವಾಸಿ ಆಗಲ್ಲ ಅಂದಿದ್ದಾರೆ ಡಾಕ್ಟ್ರು. ಹೇಳಿದ್ರೆ ನನಗೋಸ್ಕರ ನೀವೆಲ್ಲ ನಿಲ್ತೀರಿ ಅಂತ ಹೇಳ್ಲಿಲ್ಲ. ನಡೀರಿ, ಬಿಸಿಲೇರತ್ತೆ."

ಒಂದೇ ಮನೆಯಲ್ಲಿದ್ದೂ ನನಗೇ ತಿಳಿದಿರಲಿಲ್ಲ!

ಫೋರ್‌ಮನ್ ಕೆರೆ ಏರಿಯ ಮೇಲೆ ಪಟ್ಟಾಗಿ ಕೂತುಬಿಟ್ಟರು. "ನಾನು ಬರಲ್ಲ. ಒಬ್ಬರಿಗೆ ಕಾಣಿಸಿಲ್ಲ. ಕಾನೂನು ಯಾರದ್ದು?"

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಫೋಟೋಗ್ರಾಫರ್ ಹುಡುಗಿ ಅತ್ತೆಯ ಭುಜ ಹಿಡಿದು ಮೆಲ್ಲಗೆ ತಿರುಗಿಸಿದಳು. "ಟೀಚರ್, ಹಕ್ಕೀನ ನೋಡ್ಬೇಡಿ. ಕೆರೆ ನೋಡಿ. ಹಕ್ಕಿ ಪಕ್ಕದಲ್ಲಿ ಇರ್ಲಿ."

ಅತ್ತೆ ಕೆರೆ ನೋಡುತ್ತ ನಿಂತರು. ನಾವು ಬಿದಿರು ನೋಡುತ್ತ ಕೂತೆವು. ಹಕ್ಕಿ ಒಳಗೆ ಹೋಯಿತು, ಬಂತು, ಮತ್ತೆ ಹೋಯಿತು. ತಿಂಡಿಯ ಹೊತ್ತು ಮೀರಿತು. ಯಾರೂ ಕೆಮ್ಮಲೂ ಇಲ್ಲ.

ಇದ್ದಕ್ಕಿದ್ದಂತೆ ಅದು ಬಿದಿರಿನಿಂದ ಹೊರಬಿತ್ತು. ನೀರಿನ ಮೇಲೆ ಉದ್ದಕ್ಕೆ, ಬಾಲ ತೇಲಿಸಿಕೊಂಡು, ಆಚೆ ದಡದವರೆಗೆ ಹಾರಿತು.

"ಅಯ್ಯೋ!" ಎಂದರು ಅತ್ತೆ. ಕಾಡಿನಲ್ಲಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಅಯ್ಯೋ, ಬೆಳ್ಳಗೆ! ಎಷ್ಟುದ್ದ ಇದ್ಯೋ ಮಾರಾಯ, ಮುಗಿಯೋದೇ ಇಲ್ವಲ್ಲೋ ಅದರ ಬಾಲ!"

ಅಷ್ಟೆಂದವರು ವಿಷಲನ್ನು ಬಾಯಿಗಿಟ್ಟುಕೊಂಡು ಊದಿಯೇ ಊದಿದರು! ಕೆರೆಯ ಬಾತುಗಳು, ಕೊಕ್ಕರೆಗಳು, ಬಿದಿರಿನ ಪಿಕಳಾರಗಳು ಎಲ್ಲ ಒಟ್ಟಿಗೆ ಎದ್ದು ಆಕಾಶ ತುಂಬಿದವು. ಆ ದಿನ ನೋಡಲು ನಮಗೆ ಇನ್ನೊಂದು ಹಕ್ಕಿ ಉಳಿಯಲಿಲ್ಲ. ನಾನು ಮಾತ್ರ ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡು ಬಹಳ ಹೊತ್ತು ಹಾಗೆಯೇ ನಿಂತಿದ್ದೆ. ನನ್ನದರ ಮುಚ್ಚಳ ತೆಗೆದೇ ಇತ್ತು, ಆದರೂ ಏನೂ ಕಾಣುತ್ತಿರಲಿಲ್ಲ.